ಒಂದಾಳು ಬಾಕಿ

ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿ ಬಿ.ಎಸ್ಸಿ. ಅಗ್ರಿಗೆ ಸೇರಿದವಳು ನಾನು. ಬಯಲುಸೀಮೆಯ ಮೇಷ್ಟರ ಮಗಳು, ಶೇಂಗಾ ಹೊಲವನ್ನೂ ಬಸ್ಸಿನ ಕಿಟಕಿಯಿಂದಲೇ ನೋಡಿದವಳು. ಕೊನೆಯ ವರ್ಷ ಒಂದು ಹಂಗಾಮು ಪೂರ್ತಿ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡಬೇಕು ಎಂಬುದು ನಮ್ಮ ಓದಿನ ಒಂದು ಭಾಗ. ನನಗೂ ನನ್ನ ರೂಮ್‌ಮೇಟಿಗೂ ಹೊಂಗಡಹಳ್ಳದ ಆಚೆಯ ಒಂದು ಊರು ಬಿತ್ತು. ಬಂದ ವಾರದಲ್ಲೇ ಅವಳಿಗೆ ಕಾಮಾಲೆಯಾಗಿ ಅವಳ ಅಪ್ಪ ಬಂದು ಕರೆದುಕೊಂಡು ಹೋದರು. ಆಮೇಲೆ ಅಲ್ಲಿ ನಾನೊಬ್ಬಳೇ.

ನಮ್ಮನ್ನು ಇರಿಸಿಕೊಂಡಿದ್ದ ಕಾಫಿ ಬೆಳೆಗಾರರ ಮನೆಯವರು ತುಂಬ ಒಳ್ಳೆಯವರು. ತೊಂದರೆಯೂ ಅದೇ. ನನಗೆ ಕುರ್ಚಿ, ನನಗೆ ಹಿಡಿಯಿರುವ ಕಪ್ಪು. ಮನೆಯ ಹೆಂಗಸರು ಒಲೆಯ ಸುತ್ತ ಕೂತು ನಗುತ್ತಾ ತಿನ್ನುವ ಅಕ್ಕಿರೊಟ್ಟಿ ನನಗೆ ಮಾತ್ರ ನಡುಮನೆಯ ಟೇಬಲ್ಲಿಗೆ ಬರುತ್ತಿತ್ತು. "ಇನ್ನೊಂದು ಹಾಕ್ಲಾ ಮೇಡಮ್ಮೋರೆ?" ಎಂದು ಕೇಳಿ, ಹಾಕಿ, ಒಳಗೆ ಹೋಗಿಬಿಡುವರು. ಅಜ್ಜಿಯ ವಯಸ್ಸಿನವರೂ ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದರು. ನನ್ನ ಹೆಸರು ಏನೆಂದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಸಂಜೆ ಕಾಫಿ ಸ್ಟೋರಿನ ಪಕ್ಕದ ಕೋಣೆಯಲ್ಲಿ ಕೂತು, ಬೇಜಾರಿಗೆ, ಗೋಡೆಯ ಹಲ್ಲಿಯನ್ನು ಬೈಯುತ್ತಿದ್ದೆ. ಅದಾದರೂ ಲೊಚಗುಟ್ಟುತ್ತಿತ್ತು.

ಒಮ್ಮೆ ಕಾಫಿಯ ಕಾಂಡಕೊರಕ ಹುಳುವಿನ ಬಗ್ಗೆ ಹಾಲಿನ ಡೈರಿಯ ಮುಂದೆ ಸಭೆ ಕರೆದೆ. ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ಎಲ್ಲರೂ "ಬತ್ತೀವಿ ಬಿಡಿ ಮೇಡಂ" ಅಂದಿದ್ದರು. ಬಂದದ್ದು ಎರಡು ಕೋಳಿ. ನಾನು ಚಾರ್ಟು ಸುತ್ತಿಟ್ಟುಕೊಂಡು ಹೊರಟೆ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು.

ಅಷ್ಟರಲ್ಲಿ ನಾಟಿ ಶುರುವಾಯಿತು. ಮನೆಯ ಕೆಳಗಿನ ಗದ್ದೆಯಲ್ಲಿ ಹೆಂಗಸರು ಮಳೆಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ಅವರ ನಗು ಜಗಲಿಯವರೆಗೂ ಕೇಳುತ್ತಿತ್ತು. ಯಾವುದಕ್ಕೆ ನಗುತ್ತಾರೆಂದು ತಿಳಿಯದೆ ಕೂತಿರುವುದು ಒಂದು ದಿನ ನನ್ನಿಂದ ಆಗಲೇ ಇಲ್ಲ. ಚೂಡಿದಾರದ ಪ್ಯಾಂಟು ಮಡಚಿ ನೇರವಾಗಿ ಗದ್ದೆಗೆ ಇಳಿದೆ. ಗದ್ದೆಯ ಒಡತಿ, ಪಕ್ಕದ ಮನೆಯ ಗಟ್ಟಿಗಿತ್ತಿ ಹೆಂಗಸು, ಗಾಬರಿಯಾದರು. "ಅಯ್ಯೋ ಬ್ಯಾಡಿ, ಇಂಬಳ ಕಚ್ಚಿ ರಕ್ತ ಹೀರ್ತವೆ ಮೇಡಮ್ಮೋರೆ!"

"ಕಚ್ಚಲಿ ಬಿಡಿ ಅಕ್ಕ, ಅವಕ್ಕಾದರೂ ನಾನು ಬೇಕು" ಎಂದೆ. ಯಾರೋ ಕಿಸಕ್ಕೆಂದರು. ಇನ್ನೊಬ್ಬರು ನನ್ನ ಕೈಗೆ ಸಸಿಯ ಕಂತೆ ಇಟ್ಟರು.

ಸಂಜೆಯವರೆಗೆ ನೆಟ್ಟೆ. ಸೊಂಟ ನನ್ನದಲ್ಲ ಅನ್ನಿಸಿತು. ಬದುವಿನ ಮೇಲೆ ಕಾಲು ತೊಳೆಯುವಾಗ ಆ ಅಕ್ಕ ಪಕ್ಕಕ್ಕೆ ಬಂದು ನಿಂತರು. ಅಲ್ಲಿ ನಾಟಿಗೆ ಕೂಲಿ ಇಲ್ಲ, ಮುಯ್ಯಾಳು. ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ, ಒಂದಾಳಿಗೆ ಒಂದಾಳು. ಕೊಡದೆ ಉಳಿಸಿಕೊಂಡವರನ್ನು ಊರು ಆಡಿಕೊಳ್ಳುತ್ತದೆ.

"ನಿನ್ ಗದ್ದೆ ಎಲ್ಲೈತೆ ಹುಡ್ಗಿ? ನಿನ್ ಮುಯ್ಯಿ ನಾನ್ ಹೆಂಗ್ ತೀರ್ಸ್ಲಿ?" ನಿಜಕ್ಕೂ ಚಿಂತೆಯಿಂದಲೇ ಕೇಳಿದರು.

ಹುಡುಗಿ ಅಂದದ್ದೇ ನನಗೆ ಸಾಕಾಗಿತ್ತು. "ನಮ್ಮೂರಿಗೆ ಬಂದು ಶೇಂಗಾ ಕೀಳಿ" ಎಂದೆ.

"ಬಸ್ ಚಾರ್ಜ್ ನಿಮ್ಮಪ್ಪ ಕೊಡ್ತಾನಾ?"

ಆ ದಿನದಿಂದ ಎಲ್ಲಿ ಕಂಡರೂ, ಡೈರಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಅವರು ದೂರದಿಂದಲೇ ಕೂಗುತ್ತಿದ್ದರು: "ಏಯ್, ನಿನ್ದು ಒಂದಾಳು ಬಾಕಿ ಐತೆ ಕಣೆ!" ಅದನ್ನು ಕೇಳಲೆಂದೇ ನಾನು ಬೇಕಿಲ್ಲದಿದ್ದರೂ ಡೈರಿಯ ಕಡೆ ಹೋಗುತ್ತಿದ್ದೆ. ಆ ಊರಿನಲ್ಲಿ ಒಬ್ಬರಿಗಾದರೂ ನನ್ನ ನೆನಪು ಇಟ್ಟುಕೊಳ್ಳಲೇಬೇಕಾದ ಕಾರಣ ಇತ್ತು. ರಾತ್ರಿ ಹಲ್ಲಿಗೂ ಹೇಳಿದೆ.

ನಾಟಿ ಮುಗಿಯುತ್ತಾ ಬಂದಾಗ ಕಾಲೇಜಿನಿಂದ ನಮ್ಮ ಮೇಷ್ಟ್ರು ನನ್ನ ಕೆಲಸ ನೋಡಲು ಬಂದರು. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಬಗೆಯನ್ನು ನಾನು ರೈತರಿಗೆ ತೋರಿಸಬೇಕಿತ್ತು. ಡೈರಿಯ ಮುಂದೆ ಗೋಣಿತಾಟು ಹಾಸಿ ಮಣ್ಣು ಸುರಿದುಕೊಂಡು ನಿಂತೆ. ಯಾರೂ ಇಲ್ಲ. ಮೇಷ್ಟ್ರು ಗಡಿಯಾರ ನೋಡಿದರು. ಕೋಳಿಗಳು ಮಾತ್ರ ನಿಯತ್ತಾಗಿ ಬಂದಿದ್ದವು.

ಆಗ ಗದ್ದೆಯ ಕಡೆಯಿಂದ ಕೊಪ್ಪೆಗಳ ಸಾಲು ಹತ್ತಿ ಬಂತು. ಮುಂದೆ ಆ ಅಕ್ಕ. ಮೊಣಕಾಲವರೆಗೆ ಮೆತ್ತಿದ ಕೆಸರಿನಲ್ಲೇ ಬಂದು ಡೈರಿಯ ಜಗಲಿಯ ಮೇಲೆ ಕೂತು, "ಹ್ಞೂಂ, ಅದೇನ್ ಐತೋ ಹೇಳು" ಎಂದರು. ನಾನು ಮಣ್ಣನ್ನು ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದು ಹಾಕಿ, ಉಳಿದದ್ದನ್ನು ಮತ್ತೆ ನಾಲ್ಕು ಮಾಡಿದೆ. "ಹಿಂಗೇ ಎಸೀತಾ ಹೋದ್ರೆ ಕೊನೆಗೆ ಏನ್ ಉಳೀತದೆ?" ಎಂದು ಒಬ್ಬರು ಕೇಳಿದರು. "ಒಂದು ಹಿಡಿ ಉಳಿಯುತ್ತೆ, ಅಷ್ಟು ಸಾಕು" ಎಂದೆ. ಮೇಷ್ಟ್ರಿಗೆ ಖುಷಿಯಾಯಿತು.

ಹೊರಡುವಾಗ ಅಕ್ಕ ಕೈ ಕೊಡವಿ ಎಲ್ಲರಿಗೂ ಕೇಳುವಂತೆ ಹೇಳಿದರು: "ತೀರ್ತು ಕಣೆ ನಿನ್ ಮುಯ್ಯಿ. ನಾಟಿ ಬಿಟ್ಟು ಇಷ್ಟ್ ಜನ ಬಂದಿದೀವಿ. ಇನ್ ಬಾಕಿ ಇಲ್ಲ."

ಹೌದು, ತೀರಿತು. ಅವರ ದನಿಯಲ್ಲಿ ಹಗುರಾದವರ ಸಮಾಧಾನ. ಒಳ್ಳೆಯ ಅಂಕ ಬರುವುದು ಖಾತ್ರಿಯಾಗಿತ್ತು, ಆದರೆ ಆ ಸಂಜೆ ಟೇಬಲ್ಲಿನ ಮುಂದೆ ಒಬ್ಬಳೇ ಕೂತಾಗ ರೊಟ್ಟಿಯನ್ನು ಮುರಿದು ಹಾಗೇ ಬಿಟ್ಟೆ. ನಾಳೆ ಡೈರಿಯ ಹತ್ತಿರ ಅವರು ಏನೆಂದು ಕೂಗುತ್ತಾರೆ? ಕೂಗಲು ಏನೂ ಉಳಿದಿರಲಿಲ್ಲ. ಒಳಗೆ ಒಲೆಯ ಸುತ್ತ ಎಂದಿನಂತೆ ನಗುತ್ತಿದ್ದರು.

ಬೆಳಿಗ್ಗೆ ಪ್ಯಾಂಟು ಮಡಚಿ ಗದ್ದೆಗೆ ಇಳಿದೆ. ಅವರ ಕೊನೆಯ ಗದ್ದೆಯ ನಾಟಿ ನಡೆದಿತ್ತು. ಅಕ್ಕ ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದರು.

"ಇದ್ಯಾಕ್ ಬಂದೆ? ಎಲ್ಲಾ ತೀರ್ತಲ್ಲ! ಈಗ್ ನೆಟ್ಬುಟ್ರೆ ನಾನ್ ಯಾವಾಗ್ ತೀರ್ಸದು? ನೀನು ಹಂಗಾಮು ಮುಗುದ್ರೆ ಹೋಗ್ಬುಡ್ತೀಯ."

"ತೀರ್ಸಬೇಡಿ ಅಕ್ಕ" ಎಂದೆ. "ಬಾಕಿ ಇರ್ಲಿ."

ಅವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಸಾಲಿನಲ್ಲಿ ಜಾಗ ಬಿಟ್ಟು, ಬಗ್ಗಿಕೊಂಡೇ ಕೇಳಿದರು:

"ನಿನ್ ಹೆಸ್ರೇನೇ?"