ಆರತಿಯ ವಿಡಿಯೊ

ಕಾರಹುಣ್ಣಿಮೆಯ ಮರುದಿನ, ಸೋಮವಾರ, ಬೆಳಿಗ್ಗೆ ಆರೂವರೆ. ಪಡಸಾಲೆಯಲ್ಲಿ ನಾನು, ಸೊಸೆ, ಎಂಟನೆಯ ತರಗತಿಯ ಮೊಮ್ಮಗಳು. ಮಗ ಹೆಸರುಕಾಳು ಬಿತ್ತಿದ ಹೊಲಕ್ಕೆ ಹೋಗಿದ್ದ. ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡು ನಿವೃತ್ತಳಾದವಳು ನಾನು. ಆ ಹೊತ್ತಿಗೆ ಬಾಚಣಿಕೆ ಕೈಯಲ್ಲಿರಲೇಬೇಕು. ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಹುಡುಗಿಯನ್ನು ಅಣ್ಣಿಗೇರಿಯ ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ.

“ಜಡಿ ಬ್ಯಾಡ ಆಯಿ. ನಾ ಇನ್ನ ಸಾಲಿಗೆ ಹೋಗೂದಿಲ್ಲ.”

“ಯಾಕಬೇ, ಗಣಿತದ ಟೆಸ್ಟ್ ಐತೇನು?” ಸೊಸೆ ನಕ್ಕಳು.

ಹುಡುಗಿ ನಗಲಿಲ್ಲ. “ಬಸ್‌ಸ್ಟ್ಯಾಂಡಿನಾಗ ನಮ್ಮ ಸಾಲಿ ಹುಡುಗೂರು ನನ್ನ ನೋಡಿ ಆ ಹಾಡ ಗುನಗತಾರ. ನಿನ್ನ ವಿಡಿಯೊದಾಗಿಂದು.”

ಬೇಸಿಗೆಯಲ್ಲಿ ಅವಳು ದೊಡ್ಡವಳಾದಾಗ ಮನೆಯಲ್ಲಿ ಆರತಿ ಮಾಡಿದ್ದೆವು. ಹಸಿರು ಸೀರೆ ಉಡಿಸಿ, ಓಣಿಯ ಮುತ್ತೈದೆಯರನ್ನು ಕರೆದು ಉಡಿ ತುಂಬಿದ್ದೆವು. ಸೊಸೆ ಅದರ ವಿಡಿಯೊಗೆ ಹಾಡು ಸೇರಿಸಿ ತನ್ನ ಅಕೌಂಟಿಗೆ ಹಾಕಿದ್ದಳು. ಯಾರು ಬೇಕಾದರೂ ನೋಡಬಹುದಾದ ಅಕೌಂಟು. “ಬ್ಯಾಡವ್ವಾ” ಎಂದು ಹುಡುಗಿ ಅಂದೇ ಹೇಳಿದ್ದಳು. ನಾಚಿಕೆಯೆಂದು ಬಂದವರೆಲ್ಲ ನಕ್ಕಿದ್ದರು.

ಸೊಸೆ ನಿಂತಲ್ಲೇ ವಿಡಿಯೊ ಅಳಿಸಿದಳು. “ತಗದೆ ನೋಡವಾ.”

“ನೀ ತಗದರ ಏನಾತು? ಅವರ ಫೋನಿನಾಗ ಐತಲ್ಲ.”

ಮಗ ಹೊಲದಿಂದ ಬಂದ ಮೇಲೆ ಹುಡುಗಿಯನ್ನು ಅವನ ಬಳಿ ಬಿಟ್ಟು, ಸೊಸೆಯನ್ನು ಕರೆದುಕೊಂಡು ಶಾಲೆಗೆ ಹೋದೆ. ಹೆಡ್‌ಮೇಡಮ್ ಆ ಹುಡುಗರನ್ನೂ ಅವರ ಮನೆಯವರನ್ನೂ ಕರೆಸಿದರು. ನಮ್ಮೆದುರೇ ಫೋನುಗಳಿಂದ ವಿಡಿಯೊ ಅಳಿಸಿದ್ದಾಯಿತು. ಬೇರೆ ಎಲ್ಲಿಯಾದರೂ ಕಂಡರೆ ಸೈಬರ್ ಪೊಲೀಸರಿಗೆ ದೂರು ಕೊಡಿ ಎಂದರು. ನಾವು ಏಳುವಾಗ ಸೊಸೆಯನ್ನು ಮೆಲ್ಲಗೆ ಕೇಳಿದರು:

“ಹಾಕೂ ಮುಂಚೆ ಮಗಳನ್ನ ಕೇಳಿದ್ರೇನ್ರಿ?”

ಸೊಸೆ ಇಲ್ಲವೆಂದು ತಲೆಯಾಡಿಸಿದಳು.

ತಿರುಗಿ ಬರುವ ಬಸ್ಸಿನಲ್ಲಿ ಹೇಳಿದಳು. “ನಾ ದೊಡ್ಡಾಕಿ ಆದಾಗ ಅಪ್ಪ ತೀರಿ ತಿಂಗಳಾಗಿರಲಿಲ್ರಿ, ಅತ್ತಿ. ಯಾರೂ ಆರತಿ ಮಾಡಲಿಲ್ಲ. ಹಿತ್ತಲದಾಗ ಒಬ್ಬಾಕಿನ ಕುಂತಿದ್ದೆ. ನನ್ನ ಮಗಳದು ಮಂದಿಗೆಲ್ಲ ಕಾಣಲಿ ಅಂತ ಹಾಕಿದೆ.”

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅದು ನನಗೆ ಗೊತ್ತಿರಲಿಲ್ಲ. ಊರು ಬರುವವರೆಗೆ ಅವಳ ಕೈ ಹಿಡಿದುಕೊಂಡೇ ಕೂತೆ.

ಸಂಜೆ ದೀಪ ಹಚ್ಚಿದ ಮೇಲೆ ಸೊಸೆ ಮಗಳಿಗೆ ಎಲ್ಲ ಹೇಳಿದಳು. “ಅವರ ಫೋನಿನಾಗಿಂದನೂ ತಗಸೇವಿ. ನಾಳಿಗೆ ನಾನ ನಿನ್ನ ಸಾಲಿತನಕ ಬಿಟ್ಟ ಬರತೇನಿ.”

“ನೀ ಬ್ಯಾಡ. ಆಯಿ ಬರಲಿ.”

ಹೋಗುತ್ತಾಳೆ ಎಂಬುದೊಂದು ಸಮಾಧಾನ. ಸೊಸೆ ಒಳಗಿನಿಂದ ಸ್ಟೀಲ್ ಲೋಟದಲ್ಲಿ ಹಾಲು ತಂದು ಮಗಳೆದುರು ಬಗ್ಗಿ ಹಿಡಿದಳು. ಲೋಟ ಮಿಂಚಿದ್ದೇ ತಡ, ಹುಡುಗಿಯ ಎರಡೂ ಕೈ ಮುಖಕ್ಕೆ ಅಡ್ಡ ಬಂದವು.

“ಹಾಲವಾ,” ಎಂದಳು ಸೊಸೆ. “ಬರೇ ಹಾಲು. ಫೋನ್ ಒಳಗ ಇಟ್ಟೇನಿ.”

ಕೈ ಇಳಿಯಲಿಲ್ಲ. ಸೊಸೆ ಲೋಟವನ್ನು ನೆಲಕ್ಕಿಟ್ಟು ಒಳಗೆ ಹೋದಳು. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಗ ಇಬ್ಬರನ್ನೂ ಊಟಕ್ಕೆ ಕರೆದ, ಯಾರೂ ಏಳಲಿಲ್ಲ.

ಹಾಲು ಕೆನೆಗಟ್ಟಿತ್ತು. ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಲೋಟ ತೊಳೆದು ಬೋರಲಿಟ್ಟೆ.