ಅಕ್ಕನ ನೋಟ್‌ಬುಕ್ಕಿನಲ್ಲಿದ್ದ ಕೆಂಪು ಬ್ಯಾಡ್ಜು

ನನಗೆ ನನ್ನ ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚಿತ್ತು. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು ಬಂತು? ಚಾಮರಾಜಪೇಟೆಯ ಆ ಮನೆಗೆ ನನಗಿಂತ ಮೂರು ವರ್ಷ ಮೊದಲು ಸೊಸೆಯಾಗಿ ಬಂದವಳು ಅವಳು, ನನ್ನ ಭಾವನ ಹೆಂಡತಿ. ಎದುರಿಗೆ ಅಕ್ಕ, ನೀವು ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅವಳು, ಇವಳು. ನನ್ನಷ್ಟು ಓದಿದವಳೂ ಅಲ್ಲ. ನಾನು ಎಸ್ಸೆಸ್ಸೆಲ್ಸಿ ಒಂದೇ ಏಟಿಗೆ ಪಾಸು, ಅವಳು ಗಣಿತದಲ್ಲಿ ಎರಡು ಸಲ ಡುಮ್ಕಿ. ಆದರೂ ಚರ್ಚಿನಲ್ಲಿ ಓದುವುದಕ್ಕೆ ಫಾದರ್ ಕರೆಯುತ್ತಿದ್ದದ್ದು ಅವಳನ್ನೇ.

ಅದರಲ್ಲೂ ಗರಿಗಳ ಭಾನುವಾರ. ಈಸ್ಟರಿಗೆ ಒಂದು ವಾರ ಮುಂಚೆ ಎಲ್ಲರೂ ತೆಂಗಿನ ಗರಿ ಹಿಡಿದು ನಿಂತಿರುವಾಗ, ಯೇಸುಸ್ವಾಮಿಯ ಪಾಡಿನ ಕಥೆಯನ್ನು ಮೂರು ಜನ ಹಂಚಿಕೊಂಡು ಓದುವುದು ನಮ್ಮಲ್ಲಿ ಪದ್ಧತಿ. ಸ್ವಾಮಿಯ ಮಾತು ಫಾದರ್‌ದು. ಕಥೆ ಹೇಳುವುದು ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ಉಪದೇಶಿಗಳದು. ಗುರುವನ್ನು ಹಿಡಿದುಕೊಟ್ಟ ಶಿಷ್ಯ, ಗುರುವಿನ ಪರಿಚಯವೇ ಇಲ್ಲ ಎಂದ ಶಿಷ್ಯ, ಕೈ ತೊಳೆದುಕೊಂಡ ಅಧಿಕಾರಿ, ಇವರೆಲ್ಲರ ಮಾತು ಒಬ್ಬರದು. ಆ ಒಬ್ಬರು ಐದು ವರ್ಷದಿಂದ ಅಕ್ಕನೇ. ಪೂಜೆ ಮುಗಿದ ಮೇಲೆ ಮುದುಕಿಯರು ನನ್ನ ಕೈ ಹಿಡಿದು, "ನಿಮ್ಮಕ್ಕ ಓದಿದ್ರೆ ಕಣ್ಣಲ್ಲಿ ನೀರು ಬರತ್ತೆ ಕಣಮ್ಮ" ಎನ್ನುತ್ತಿದ್ದರು. ನನಗೂ ಬರುತ್ತಿತ್ತು, ಉರಿಗೆ. ಒಂದೇ ಒಂದು ವರ್ಷ ಆ ಮಾತುಗಳು ನನಗೆ ಸಿಗಬಾರದೆ ಎಂದು ದೇವರಿಗೆ ಹರಕೆ ಕೂಡ ಹೊತ್ತಿದ್ದೆ.

ಎಂಬತ್ತರ ದಶಕದ ಒಂದು ವರ್ಷ ಅಸೆಂಬ್ಲಿ ಚುನಾವಣೆ ನಮ್ಮ ತಪಸ್ಸುಕಾಲದಲ್ಲೇ ಬಂತು, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ನಿಂತವರಲ್ಲಿ ಒಬ್ಬರು ನಮ್ಮವರೇ, ಚರ್ಚಿನ ಮುಂದಿನ ಬೆಂಚಿನ ಕಂಟ್ರಾಕ್ಟರು. ಭಾವ ಅವರ ಹತ್ತಿರ ಮೇಸ್ತ್ರಿ. ಇನ್ನೊಬ್ಬ ಕೆಂಬಾವುಟದ ಯೂನಿಯನ್ ಲೀಡರು. ಬಿನ್ನಿಪೇಟೆಯ ಮಿಲ್ಲಿನಲ್ಲಿ ಬದಲಿ ಕೆಲಸಕ್ಕೆ ಹೋಗುತ್ತಿದ್ದ ನನ್ನ ಗಂಡನನ್ನು ಪರ್ಮನೆಂಟ್ ಮಾಡಿಸಿದವನು ಅವನೇ. ಫಾದರ್ ಪ್ರಸಂಗದಲ್ಲಿ ಯಾರ ಹೆಸರನ್ನೂ ಎತ್ತಲಿಲ್ಲ. ದೇವರಿಲ್ಲ ಅನ್ನುವ ಕೆಂಬಾವುಟದವರನ್ನು ಪೋಪ್ ಸ್ವಾಮಿಗಳು ಖಂಡಿಸಿದ್ದಾರೆ, ಓಟು ಹಾಕುವಾಗ ಅದು ನೆನಪಿರಲಿ ಎಂದರು, ಅಷ್ಟೆ. ಎಲ್ಲರೂ ತಲೆಯಾಡಿಸಿದೆವು.

"ಪೋಪೇ ಹೇಳಿದ್ಮೇಲೆ ಇನ್ನೇನಿದೆ?" ಎಂದಳು ಅಂಗಳಕ್ಕೆ ಬಂದ ಮೇಲೆ ಪಕ್ಕದ ಮನೆಯಾಕೆ. ಎರಡು ಹೆಜ್ಜೆ ಹೋಗಿ ದನಿ ತಗ್ಗಿಸಿ, "ರೋಮಲ್ಲಿರೋ ಅವ್ರಿಗೆ ನಮ್ ಬೀದಿ ನಲ್ಲೀಲಿ ನೀರ್ ಬರಲ್ಲ ಅಂತ ಗೊತ್ತಾ?" ಎಂದೂ ಕೇಳಿದಳು. ನಾನು ನಕ್ಕೆ.

ಅಕ್ಕ ತನ್ನ ಪಾಲಿನ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಪೆನ್ಸಿಲ್ ಗೀಟು. ಆ ಗೀಟುಗಳನ್ನು ಕದ್ದು ನೋಡೋಣವೆಂದು ಒಂದು ಮಧ್ಯಾಹ್ನ ಅವಳ ಟ್ರಂಕು ತೆಗೆದೆ. ನೋಟ್‌ಬುಕ್ಕಿನ ರಟ್ಟಿನೊಳಗೆ ಪಿನ್ನಿನ ಸಮೇತ ಒಂದು ಕೆಂಪು ಬಟ್ಟೆಯ ಬ್ಯಾಡ್ಜಿತ್ತು. ಯೂನಿಯನ್ ಲೀಡರ ಪರವಾಗಿ ಓಡಾಡುವವರು ಎದೆಗೆ ಚುಚ್ಚಿಕೊಳ್ಳುತ್ತಿದ್ದ ಬ್ಯಾಡ್ಜು! ಅಬ್ಬಾ, ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು.

ಆಮೇಲೆ ನಾನು ಮಾಡಿದ್ದು ದಡ್ಡ ಕೆಲಸ. ಶನಿವಾರ ಪಾಪನಿವೇದನೆಗೆ ಹೋಗಿ, ಜಾಲರಿಯ ಈಚೆ ಮೊಣಕಾಲೂರಿ, ಅಕ್ಕನ ಪಾಪವನ್ನು ಹೇಳಿಬಿಟ್ಟೆ.

"ನಿನ್ನ ಪಾಪ ಹೇಳಮ್ಮ," ಎಂದರು ಫಾದರ್, "ಅವಳದ್ದನ್ನ ಅವಳೇ ಬಂದು ಹೇಳ್ಕೊಳ್ತಾಳೆ."

ಅಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಅವರು ಹೊರಗೆ ಬಳಸುವಂತಿಲ್ಲ. ಇದು ನಮ್ಮ ಮಕ್ಕಳಿಗೂ ಗೊತ್ತು. ಹೊಟ್ಟೆಕಿಚ್ಚಿನಲ್ಲಿ ನನಗೆ ಮರೆತೇ ಹೋಗಿತ್ತು. ಎರಡು ಭಾನುವಾರ ಕಾದೆ, ಅಕ್ಕ ಆರಾಮಾಗಿ ಓದುತ್ತಲೇ ಇದ್ದಳು. ತಡೆಯಲಾರದೆ ಫಾದರ್ ಇರುವ ಗುರುಮನೆಗೇ ಹೋಗಿ, ಹಗಲು ಹೊತ್ತಿನಲ್ಲಿ, ಮುಖಕ್ಕೆ ಮುಖ ಕೊಟ್ಟು ಇನ್ನೊಂದು ಸಲ ಹೇಳಿದೆ.

"ಪೋಪ್ ಸ್ವಾಮಿಗಳ ಮಾತಿಗೆ ಬೆಲೆ ಇಲ್ದೋರು ಪೀಠದ ಹತ್ರ ಹೇಗಮ್ಮ ನಿಲ್ಲೋದು?" ಎಂದರು ಫಾದರ್. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ಈ ಸಲ ಪಾಡಿನ ಕಥೆಯಲ್ಲಿ ಅಕ್ಕನ ಪಾಲಿನ ಮಾತು ನನಗೆ ಎಂದು ಎಲ್ಲರೆದುರು ಹೇಳಿದರು.

ಅಕ್ಕ ಅತ್ತುಬಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅವಳು, "ನಿನಗೆ ಸಿಕ್ತಾ? ಒಳ್ಳೇದಾಯ್ತು ಬಿಡು" ಎಂದು ನೋಟ್‌ಬುಕ್ಕನ್ನೇ ತಂದುಕೊಟ್ಟಳು. ರಟ್ಟಿನೊಳಗೆ ಬ್ಯಾಡ್ಜಿರಲಿಲ್ಲ. ಸಂಜೆ ಸಂಜೆ ಅಡುಗೆಮನೆಯಲ್ಲಿ ಕೂರಿಸಿಕೊಂಡು, "ಓಡಬೇಡ, ಇಲ್ಲಿ ಉಸಿರು ತಗೋ" ಎಂದು ಹೇಳಿಕೊಟ್ಟಳು. ಛೆ, ಓದುವುದಕ್ಕೂ ಅವಳ ಉಸಿರೇ ಬೇಕಾಯಿತಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.

ಓಟಿನ ದಿನ ಸಾಲಿನಲ್ಲಿ ಹಿಂದೆ ಮುಂದೆ ನಮ್ಮ ಚರ್ಚಿನವರೇ. ಮರೆಯೊಳಗೆ ಹೋಗಿ ಮೊಹರು ಎತ್ತಿದಾಗ ನನಗೆ ಪೋಪ್ ನೆನಪಾಗಲಿಲ್ಲ, ಗಂಡನ ಮೊದಲ ಪರ್ಮನೆಂಟ್ ಸಂಬಳದ ದಿನ ನೆನಪಾಯಿತು. ಕೆಂಬಾವುಟದ ಗುರುತಿನ ಮೇಲೇ ಒತ್ತಿದೆ. ಹೊರಗೆ ಬಂದರೆ ಪಕ್ಕದ ಮನೆಯಾಕೆ, "ನಮ್ಮವ್ರಿಗೇ ತಾನೆ?" ಎಂದಳು. "ಅಯ್ಯೋ, ಇನ್ಯಾರಿಗೆ?" ಎಂದೆ. ಯೂನಿಯನ್ ಲೀಡರೇ ಗೆದ್ದ. ಅವನಿಗೆ ಓಟು ಹಾಕಿದ್ದೇವೆ ಎಂದವರು ನಮ್ಮ ಬೀದಿಯಲ್ಲಿ ಒಬ್ಬರೂ ಇಲ್ಲ.

ಗರಿಗಳ ಭಾನುವಾರದ ಬೆಳಿಗ್ಗೆ ಅಕ್ಕ ನನ್ನ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ನನಗೆ ಬಾಯಿ ಕಟ್ಟಲಾಗಲಿಲ್ಲ. "ನೋಟ್‌ಬುಕ್ಕಲ್ಲಿದ್ದ ಬ್ಯಾಡ್ಜ್ ಏನ್ಮಾಡಿದ್ರಿ ಅಕ್ಕ?" ಎಂದು ಕೇಳಿಬಿಟ್ಟೆ.

ನೆರಿಗೆ ಹಿಡಿದ ಕೈ ನಿಂತಿತು. "ಅದು ನಿನ್ ಗಂಡಂದು ಕಣೇ. ಅಂಗಿ ಒಗೆಯೋವಾಗ ಜೇಬಲ್ಲಿ ಸಿಕ್ತು. ನಿಮ್ ಭಾವ ನೋಡಿದ್ರೆ ಅಣ್ಣತಮ್ಮಂದ್ರು ಬಡಿದಾಡ್ಕೊಂಡು ಮನೆ ಎರಡಾಗ್ತಿತ್ತು. ಅದಕ್ಕೆ ಬಚ್ಚಿಟ್ಟೆ." ನನ್ನ ಗಂಡ ತಿಂಗಳೆಲ್ಲ ಓವರ್‌ಟೈಮ್ ಎಂದು ಹೇಳಿದ್ದು ಆಗ ಅರ್ಥವಾಯಿತು. ಅಕ್ಕ ನನ್ನ ಮುಖ ನೋಡಿದಳು. "ಫಾದರ್‌ಗೆ ಹೇಳಿದ್ದು ನೀನಾ?"

ಅವಳು ನೆರಿಗೆ ಮುಗಿಸಿ ಸಿಕ್ಕಿಸಿದಳು.

ಅವತ್ತು ಓದಿದೆ. ಹಿಡಿದುಕೊಟ್ಟ ಶಿಷ್ಯ ತನಗೇನು ಕೊಡುತ್ತೀರಿ ಎಂದು ಕೇಳುವ ಜಾಗದಲ್ಲಿ ಗೀಟಿಲ್ಲದ ಕಡೆಯೇ ನನ್ನ ಉಸಿರು ಕಟ್ಟಿತು. ಇಡೀ ಚರ್ಚು ಕಾಯಿತು. ಪೂಜೆ ಮುಗಿದ ಮೇಲೆ ಮುದುಕಿಯರು ಬಂದು, "ನಿಮ್ಮಕ್ಕನಿಗಿಂತ ಚೆನ್ನಾಗಿ ಓದ್ದೆ ಕಣಮ್ಮ" ಎಂದು ಕಣ್ಣೊರೆಸಿಕೊಂಡರು. ಅಷ್ಟು ವರ್ಷ ಕಾದಿದ್ದ ಮಾತು, ಕೇಳಿಸಿಕೊಂಡು ನಿಲ್ಲಲಾಗಲಿಲ್ಲ.

ಮನೆಯಲ್ಲಿ ಅಕ್ಕ ಎಂದಿನಂತೆ ಹೊಸಿಲ ಮೇಲೆ ಕೂತು ಗರಿ ಸೀಳಿ ಎಲ್ಲರಿಗೂ ಪುಟ್ಟ ಪುಟ್ಟ ಶಿಲುಬೆ ಹೆಣೆಯುತ್ತಿದ್ದಳು. ಒಂದನ್ನು ನನ್ನ ಕೈಗಿಟ್ಟಳು. "ತಗೋ, ನಿನ್ ಗಂಡನ ಜೇಬಿಗೆ ಚುಚ್ಚು" ಎಂದಳು. ಶಿಲುಬೆಯ ಬೆನ್ನಿಗೆ ಪಿನ್ನಿತ್ತು, ಆ ಕೆಂಪು ಬ್ಯಾಡ್ಜಿನದೇ.