ಯಾರೂ ಹೊಡೆಯದ ಕೆನ್ನೆ

ಹೋದ ತಿಂಗಳು ನನ್ನ ಗಂಡ ನನ್ನ ಕೆನ್ನೆಗೆ ಬಾರಿಸಿದರು.

ಈ ವಿಷಯ ನನಗೆ ಗೊತ್ತಾಗಿದ್ದು ಎಲ್ಲರಿಗಿಂತ ಕಡೆಗೆ. ಚನ್ನಪಟ್ಟಣದ ನಮ್ಮ ಬೀದಿಗೆ ಮೊದಲೇ ಗೊತ್ತಿತ್ತು. ಹಾಲಿನವನಿಗೆ ಗೊತ್ತಿತ್ತು, ಇಸ್ತ್ರಿ ಅಂಗಡಿಯವನಿಗೆ ಗೊತ್ತಿತ್ತು, ಮೂಲೆ ಮನೆಯ ಗೌರಕ್ಕನಿಗಂತೂ ಯಾವ ಕೈಯಲ್ಲಿ ಹೊಡೆದರು ಎನ್ನುವುದೂ ಗೊತ್ತಿತ್ತು (ಬಲಗೈ. ಕೆಂಪಾಗಿರುವುದು ಎಡಗೆನ್ನೆಯಲ್ಲವೇ, ಸರಿಹೋಯಿತು). ಗೊತ್ತಿಲ್ಲದವರು ಇಬ್ಬರೇ. ಹೊಡೆಸಿಕೊಂಡ ನಾನು, ಹೊಡೆದ ನಮ್ಮ ಯಜಮಾನರು.

ನಿಜ ಸಂಗತಿ ಇಷ್ಟು. ನನ್ನ ಎಡಗೆನ್ನೆಯ ಮೇಲೆ, ಮೂಗಿನ ಪಕ್ಕದಿಂದ ಶುರುವಾಗಿ, ಕೆಂಪು ದಾರದ ಎಳೆ ಹರಡಿದ ಹಾಗೆ ಸಣ್ಣ ಸಣ್ಣ ಗೆರೆಗಳು. ಚರ್ಮದ ಕೆಳಗಿನ ಲೋಮನಾಳಗಳು, ಅಂದರೆ ಕೂದಲಿಗಿಂತ ತೆಳುವಾದ ರಕ್ತನಾಳಗಳು, ಹಿಗ್ಗಿ ಒಡೆದರೆ ಹೀಗಾಗುತ್ತದೆ. ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವಳು ನಾನು. ಬೋರ್ಡಿನ ಮೇಲೆ ಲೋಮನಾಳದ ಚಿತ್ರ ಎಷ್ಟು ಸಲ ಬರೆದಿದ್ದೇನೋ! ಈಗ ಮುಖದ ಮೇಲೇ ಬರೆದುಕೊಂಡು ಓಡಾಡುತ್ತಿದ್ದೇನೆ. ಮಾಗಡಿ ತಾಲ್ಲೂಕಿನ ಕಲ್ಯ ನನ್ನ ತವರು. ನಮ್ಮ ತಾಯಿಯ ಕಡೆಯವರದೆಲ್ಲ ತೆಳು ಚರ್ಮ, ತಿಳಿ ಬಣ್ಣ. ಅದರ ಮೇಲೆ ಬಿಸಿಲಿನಲ್ಲಿ ಸ್ಕೂಟರ್ ಬೇರೆ.

ರಾಮನಗರದ ಒಬ್ಬರು ಸ್ಕಿನ್ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲೈಟ್ ಹಿಡಿದು ನೋಡಿ, "ಮೇಡಂ, ಇದರಿಂದ ಏನೂ ಅಪಾಯ ಇಲ್ಲ, ಹಾಗೇ ಬಿಟ್ಟರೂ ನಡೆಯುತ್ತೆ. ಕ್ರೀಮಿಗೆಲ್ಲ ಹೋಗಲ್ಲ. ಹೋಗಲೇಬೇಕು ಅಂದರೆ ಲೇಸರ್. ಎರಡು ಮೂರು ಸಿಟಿಂಗ್ ಬೇಕಾಗುತ್ತೆ. ನಮ್ಮ ಕಡೆಯ ಚರ್ಮಕ್ಕೆ ಒಮ್ಮೊಮ್ಮೆ ಕಪ್ಪು ಕಲೆ ನಿಲ್ಲೋದೂ ಉಂಟು. ಯೋಚನೆ ಮಾಡಿ ಬನ್ನಿ" ಅಂದರು.

ಯೋಚನೆ ಮಾಡುವುದಕ್ಕೆ ಏನಿದೆ? ನನಗೆ ಚೆಂದ ಕಾಣಬೇಕು. ಹೌದು, ಅಷ್ಟೇ ಕಾರಣ. ಮನೆಯಲ್ಲಿ ಮದುವೆ ಇಲ್ಲ, ನಾನು ಟಿವಿಯಲ್ಲೂ ಬರುತ್ತಿಲ್ಲ. ಐವತ್ತು ಹತ್ತಿರ ಬಂದ ಹೆಂಗಸು ಚೆಂದ ಕಾಣಬಾರದು ಅಂತ ಯಾವ ಗೆಜೆಟ್‌ನಲ್ಲಿ ಬಂದಿದೆ? ಹಳೇ ಮನೆಗೆ ಸುಣ್ಣ ಬಣ್ಣ ಮಾಡಿಸಿದರೆ 'ಈ ವಯಸ್ಸಿನ ಮನೆಗೆ ಇದೆಲ್ಲ ಯಾಕೆ' ಅಂತ ಯಾರಾದರೂ ಕೇಳುತ್ತಾರಾ?

ಯಜಮಾನರು ಮಾತ್ರ ಕೇಳಿದರು. "ಯಾಕೆ ಬೇಕು ಅದೆಲ್ಲ? ನಾನೇನ್ ನಿನ್ ಕೆನ್ನೆ ನೋಡಿ ಮದ್ವೆ ಆದ್ನಾ?"

"ಮತ್ತೆ ಏನು ನೋಡಿ ಆದಿರಿ?"

"ಅಂಗಡಿಗೆ ಹೊತ್ತಾಯ್ತು" ಅಂತ ಹೊರಟೇಬಿಟ್ಟರು.

ಸರಿ, ನಾನು ಯೋಚಿಸುತ್ತಿರುವಾಗಲೇ ನಮ್ಮ ಬೀದಿಯೂ ಯೋಚಿಸುತ್ತಿತ್ತು. ಮೊದಲು ಬಂದವರು ಗೌರಕ್ಕ. ಕೈಯಲ್ಲಿ ಒಂದು ಬಟ್ಟಲು ಹಿತಕಿದ ಅವರೆಬೇಳೆ ಸಾರು. ಕೂತರು. ನನ್ನ ಕೆನ್ನೆ ನೋಡಿದರು. ಒಳಗೆ ಯಜಮಾನರು ಇಲ್ಲ ಎನ್ನುವುದನ್ನು ಖಾತ್ರಿ ಮಾಡಿಕೊಂಡರು.

"ಹೋಗ್ಲಿ ಬುಡವ್ವ. ಗಂಡಸ್ರು ಅಂದ್ಮೇಲೆ ಒಂದೊಂದ್ ಸಲ ಕೈ ಮುಂದೆ ಬತ್ತದೆ. ನೀನೂ ಒಸಿ ತಗ್ಗಿ ಬಗ್ಗಿ ಹೋಗು. ಓದಿದೋಳು ಅಂತ ಎದುರು ಮಾತಾಡ್ಬ್ಯಾಡ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ನಗು ಬಂತು. "ಅಯ್ಯೋ ಗೌರಕ್ಕ, ಅವರು ಹೊಡೆದಿಲ್ಲ! ಇದು ಒಳಗೆ ಸಣ್ಣ ನರ ಕಿತ್ತಿರೋದು."

"ನರ ಕಿತ್ತೋಗಂಗೆ ಹೊಡದವ್ನಾ?" ಗೌರಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡರು.

ಲೋಮನಾಳ, ಲೇಸರ್, ರಾಮನಗರದ ಡಾಕ್ಟರು, ಎಲ್ಲವನ್ನೂ ವಿವರಿಸಿದೆ. ಕ್ಲಾಸಿನಲ್ಲಿ ವಿವರಿಸುವುದಕ್ಕಿಂತ ಚೆನ್ನಾಗಿಯೇ ವಿವರಿಸಿದೆ. ಅವರು ಕರುಣೆಯಿಂದ ಕೇಳಿಸಿಕೊಂಡರು. ಮಾರನೆಯ ದಿನ ಬೀದಿಯಲ್ಲಿ ಹಬ್ಬಿದ ಸುದ್ದಿ ಏನು ಗೊತ್ತಾ? ಟೀಚರಮ್ಮನಿಗೆ ಆಪರೇಷನ್ ಆಗುವ ಹಾಗೆ ಹೊಡೆದಿದ್ದಾರೆ, ಪಾಪ, ಗಂಡನ ಮರ್ಯಾದೆ ಉಳಿಸುವುದಕ್ಕೆ ಏನೇನೋ ಇಂಗ್ಲಿಷ್ ಹೇಳುತ್ತಾರೆ.

ನಾನು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ ನೋಡಿ. ಏಟು ತಿಂದ ಹೆಂಗಸು ನಮ್ಮ ಕಡೆ ಯಾವತ್ತು 'ಹೌದು, ಹೊಡೆದ' ಅಂದಿದ್ದಾಳೆ? ಬಾಗಿಲು ತಗುಲಿತು ಅನ್ನುತ್ತಾಳೆ. ಬಚ್ಚಲಲ್ಲಿ ಜಾರಿದೆ ಅನ್ನುತ್ತಾಳೆ. ಹಸು ಕೊಂಬು ಬೀಸಿತು ಅನ್ನುತ್ತಾಳೆ. ಹಾಗಾಗಿ ನಾನು 'ಹೊಡೆದಿಲ್ಲ' ಅಂದಷ್ಟೂ ಹೊಡೆದದ್ದು ಗಟ್ಟಿಯಾಗುತ್ತಾ ಹೋಯಿತು. ನನ್ನದು ಓದಿದವಳ ಸುಳ್ಳು, ಅಷ್ಟೇ ವ್ಯತ್ಯಾಸ.

ಈಗ ಹೊಡೆದ ಆಸಾಮಿಯ ಬಗ್ಗೆ ಹೇಳಬೇಕು. ಸಾತನೂರಿನ ಕಡೆಯವರು, ಹೆಸರು ಪುಟ್ಟಸ್ವಾಮಿ, ಪೇಟೆಯಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ಮನೆಯಲ್ಲಿ ಜಿರಳೆ ಕಂಡರೆ ಪೇಪರಿನ ಮೇಲೆ ಹತ್ತಿಸಿಕೊಂಡು ಹೋಗಿ ಕಾಂಪೌಂಡಿನಾಚೆ ಬಿಟ್ಟು ಬರುತ್ತಾರೆ. (ಅಂಗಡಿಯಲ್ಲಿ ಕೀಟನಾಶಕ ಮಾರುತ್ತಾರೆ, ಅದು ಬೇರೆ ವಿಷಯ.)

ಒಂದು ಸಂಜೆ ಅಂಗಡಿಯಿಂದ ಬಂದವರು ಊಟಕ್ಕೆ ಕೂತು, ಮುದ್ದೆ ಮುಟ್ಟದೆ ಎದ್ದರು. ಏನ್ರೀ ಅಂದೆ. ಟೀ ಅಂಗಡಿಯಲ್ಲಿ ಹಳೇ ಗೆಳೆಯನೊಬ್ಬ ಪಕ್ಕಕ್ಕೆ ಕರೆದು ಹೇಳಿದನಂತೆ: "ಏನ್ಲಾ, ಮನೇಲಿ ಕೈ ಮಾಡ್ದಂತೆ? ಮುಖಕ್ಕೆ ಹೊಡಿಬಾರ್ದು ಕಣ್ಲಾ, ಎಲ್ರಿಗೂ ಕಾಣ್ತದೆ."

ಹೇಳಿ, ಟೀ ಬೇರೆ ಕೊಡಿಸಿದನಂತೆ.

"ಸುಳ್ಳು ಅಪವಾದ ಬಂತು ಅಂತ ಬೇಜಾರಾ?" ಅಂದೆ.

"ಅದಲ್ಲ ಕಣೆ. ನಾನ್ ಹೊಡದೆ ಅಂತ ಇಷ್ಟ್ ಜನಕ್ಕೆ ಗೊತ್ತಾಗೈತೆ, ಯಾವನೂ ಬಯ್ನಿಲ್ಲ. ಒಬ್ಬನಾದ್ರೂ ಥೂ ಅನ್ಬೇಡ್ವಾ? ಎಲ್ಲಾ ಮೊದ್ಲಿನಂಗೇ ನಮಸ್ಕಾರ ಹೊಡೀತವ್ರೆ. ಒಂದಿಬ್ರು ಮೊದ್ಲಿಗಿಂತ ಜಾಸ್ತಿ ಮರ್ಯಾದೆ ಕೊಡ್ತವ್ರೆ!"

ನನ್ನ ನಗು ಅಲ್ಲಿಗೆ ನಿಂತಿತು. ಸಿಟ್ಟು ಬಂತು. ಯಾಕೆಂದರೆ ಬುದ್ಧಿಮಾತು ಎಲ್ಲ ಬಂದದ್ದು ನನ್ನ ಹತ್ತಿರ. ತಗ್ಗಿ ಹೋಗಿ, ಅಡ್ಜಸ್ಟ್ ಮಾಡಿಕೊಳ್ಳಿ, ಲೋಳೆಸರ ಹಚ್ಚಿ, ಐಸ್ ಇಡಿ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಪ್ರೀತಿಯಿಂದ ಪಕ್ಕಕ್ಕೆ ಕರೆದು, ಯಾವ ಫೌಂಡೇಶನ್ ಹಚ್ಚಿದರೆ ಗುರುತು ಕಾಣುವುದಿಲ್ಲ ಅಂತ ಹೇಳಿಕೊಟ್ಟರು. ನನ್ನ ಕೆನ್ನೆಗೆ ಏನು ಹಚ್ಚಬೇಕು ಅಂತ ಊರಿಗೆಲ್ಲ ಗೊತ್ತು. ಹೊಡೆದ ಕೈಗೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

"ನಾಳೇನೇ ಹೋಗಿ ಲೇಸರ್ ಮಾಡಿಸ್ಕಂಡ್ಬುಡು, ಈ ಪೀಡೆ ತೊಲಗ್ಲಿ" ಅಂದರು ಯಜಮಾನರು. ಆಗುವುದಿಲ್ಲ ಅಂದೆ. ನನ್ನ ಚೆಂದಕ್ಕೆ ಅಂದರೆ ಇವತ್ತೇ ರೆಡಿ. ಬೀದಿಯ ಬಾಯಿ ಮುಚ್ಚಿಸುವುದಕ್ಕೆ ನನ್ನ ಮುಖ ಯಾಕೆ ಸುಡಿಸಿಕೊಳ್ಳಲಿ?

ನಮ್ಮಿಬ್ಬರ ಈ ಜಟಾಪಟಿ ನಡೆಯುತ್ತಿರುವಾಗ ಸವಿತಾ ಬಂದಳು.

ಸವಿತಾ ನಮ್ಮ ಹಿಂದಿನ ಸಾಲಿನ ಮನೆಯವಳು. (ಹೆಸರು ಬದಲಾಯಿಸಿದ್ದೇನೆ. ಬರೆಯಲಾ ಅಂತ ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಅಕ್ಕ, ಬೀದಿಯೋರೆಲ್ಲ ಓದ್ಲಿ" ಅಂದಿದ್ದಾಳೆ.) ಕೂಟಗಲ್ ಕಡೆಯ ಹುಡುಗಿ, ಮೂವತ್ತರ ಆಸುಪಾಸು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಗಂಡ ಫೈನಾನ್ಸ್ ಕಂಪನಿಯೊಂದರಲ್ಲಿ ಕೆಲಸ, ಸಿಕ್ಕಾಗಲೆಲ್ಲ 'ನಮಸ್ತೆ ಮೇಡಂ' ಅನ್ನುವ ವಿನಯವಂತ. ಅವತ್ತು ನನ್ನ ಬ್ಲೌಸ್ ಕೊಡಲು ಬಂದವಳು ಕೊಟ್ಟು ಹೋಗಲಿಲ್ಲ. ಮುಂಬಾಗಿಲು ಒರಗಿಸಿದಳು. ಚೂಡಿದಾರದ ಉದ್ದ ತೋಳನ್ನು ಮೇಲಕ್ಕೆ ಸರಿಸಿದಳು.

ಮೊಣಕೈಯಿಂದ ಭುಜದವರೆಗೆ ನೀಲಿ, ಹಸಿರು, ಹಳದಿ. ಹಳೇ ಪೆಟ್ಟು, ಅದಕ್ಕಿಂತ ಹಳೇ ಪೆಟ್ಟು, ನಿನ್ನೆಯ ಪೆಟ್ಟು.

"ನಿಮ್ಮನೆಯೋರು ಕಾಣೋ ಕಡೆ ಹೊಡದವ್ರೆ ಅಕ್ಕ. ನಮ್ಮೋರು ಹುಷಾರು" ಅಂದಳು. "ನಿಮ್ಮಂತೋರ್ಗೂ ಹಿಂಗಾಯ್ತದೆ ಅಂತ ಗೊತ್ತಾದ್ಮೇಲೆ ಒಸಿ ಧೈರ್ಯ ಬಂತು. ಯಾರ್ ತಾವೂ ಹೇಳಿರ್ನಿಲ್ಲ. ನೀವ್ ಏನ್ ಮಾಡ್ಬೇಕು ಅಂತಿದೀರ ಅಕ್ಕ? ನೀವ್ ಮಾಡ್ದಂಗೆ ನಾನೂ ಮಾಡ್ತೀನಿ."

ಏನು ಹೇಳಲಿ? ಸಿಕ್ಕ ಸಿಕ್ಕವರಿಗೆಲ್ಲ ಅವರು ಹೊಡೆದಿಲ್ಲ, ಹೊಡೆದಿಲ್ಲ ಅಂತ ಸಾರಿದ ನನ್ನ ನಾಲಿಗೆ ಇವಳ ಮುಂದೆ ಏಳಲಿಲ್ಲ. ಹೊಡೆದಿಲ್ಲ ಅಂದರೆ ಅವಳು ಮತ್ತೆ ಒಬ್ಬಳೇ ಆಗಿಬಿಡುತ್ತಾಳೆ. ಹೌದು ಅಂದರೆ ಊಟ ಬಿಟ್ಟು ಎದ್ದ ಆ ಮನುಷ್ಯನಿಗೆ ದ್ರೋಹ.

ನಿಜವನ್ನೇ ಹೇಳಿದೆ. ಅವಳ ಮುಖ ಸಪ್ಪಗಾಯಿತು. ತೋಳನ್ನು ಕೆಳಗೆಳೆದುಕೊಂಡಳು. "ತಪ್ ತಿಳ್ಕಂಡೆ ಅಕ್ಕ. ಯಾರ್ಗೂ ಹೇಳ್ಬ್ಯಾಡಿ" ಅಂತ ಎದ್ದೇಬಿಟ್ಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಕೂತ್ಕೊಳೇ ಸುಮ್ಮನೆ!" ಅಂದೆ, ಕ್ಲಾಸಿನಲ್ಲಿ ಗದರುವ ಹಾಗೆ.

ಅದೇ ಹೊತ್ತಿಗೆ ಯಜಮಾನರು ಮಧ್ಯಾಹ್ನದ ಊಟಕ್ಕೆ ಬಂದರು. ಗಂಡಸಿನ ಚಪ್ಪಲಿ ಸದ್ದಿಗೇ ಅವಳು ಗೋಡೆಗೆ ಅಂಟಿಕೊಂಡಳು. ಅದನ್ನು ನೋಡಿದ ಮೇಲೆ ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಕೂತ್ಕಳವ್ವ, ಕಾಫಿ ಮಾಡ್ತೀನಿ" ಅಂತ ಅಡುಗೆಮನೆಗೆ ಹೋದರು. ಎಂದಿನಂತೆ ಹಾಲು ಉಕ್ಕಿಸಿದರು. ಎಂದಿನಂತೆ ನಾನು ಇಲ್ಲಿಂದಲೇ ಬೈದೆ, ಚೆನ್ನಾಗಿಯೇ ಬೈದೆ. "ಆಯ್ತು ಕಣೆ, ಒರೆಸ್ತೀನಿ" ಅಂತ ಅವರು ಅಲ್ಲಿಂದಲೇ ಕೂಗಿದರು.

ಸವಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಇಷ್ಟ್ ಬೈದ್ರೂ ಅವ್ರು ಹೊಡಿಯಕಿಲ್ವಾ ಅಕ್ಕ?" ಅಂದಳು. ಆಮೇಲೆ ಅತ್ತಳು ನೋಡಿ, ಕಾಫಿ ಆರಿಹೋಯಿತು.

ಆ ಭಾನುವಾರ, ಅವಳೇ ಕೇಳಿಕೊಂಡಂತೆ, ನಾವಿಬ್ಬರೂ ಅವಳನ್ನೂ ಅವಳ ಪುಟ್ಟ ಮಗಳನ್ನೂ ಕರೆದುಕೊಂಡು ಅವಳ ತವರು ಕೂಟಗಲ್ಲಿಗೆ ಹೋದೆವು. ಹೊಲಿಗೆ ಮೆಷಿನ್ ಗೂಡ್ಸ್ ಆಟೋದಲ್ಲಿ ಹಿಂದೆ ಬಂತು. ಅವಳ ಅಣ್ಣ "ಸಂಸಾರ ಅಂದ್ಮೇಲೆ ಅಡ್ಜಸ್ಟ್ ಮಾಡ್ಕಬೇಕಲ್ವಾ ಮೇಡಂ" ಅಂತ ಶುರು ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು ಎದ್ದು ನಿಂತಿದ್ದರು. "ಮೊದ್ಲು ನಿನ್ ತಂಗಿ ತೋಳ್ ನೋಡ್ಲಾ! ನೋಡ್ಬುಟ್ಟು ಆಮೇಲೆ ಮಾತಾಡು!" ಅವರ ಗಂಟಲಲ್ಲಿ ಇಷ್ಟು ಸದ್ದಿದೆ ಅಂತ ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. ಅಣ್ಣ ನೋಡಿದ. ಅಡ್ಜಸ್ಟ್ ಅನ್ನುವ ಮಾತು ಮತ್ತೆ ಎತ್ತಲಿಲ್ಲ. ಸವಿತಾ ಈಗ ಅಲ್ಲೇ ಇದ್ದಾಳೆ. ಗಂಡ ರಾಜಿಗೆ ಹಿರಿಯರನ್ನು ಕಳಿಸಿದ, ಇವಳು ಕಾಫಿ ಕೊಟ್ಟು ವಾಪಸ್ ಕಳಿಸಿದಳು. ಲಾಯರ್ ಹತ್ತಿರ ಮಾತಾಡಿದ್ದಾಳೆ. ಮುಂದಿನದು ಅವಳ ತೀರ್ಮಾನ.

ನಮ್ಮ ಬೀದಿಗೆ ಈಗ ಬಯ್ಯುವುದಕ್ಕೆ ಬಾಯಿ ಬಂದಿದೆ. ಗೌರಕ್ಕ ಬಂದು, "ಬ್ಯಾರೇರ ಸಂಸಾರಕ್ಕೆ ನೀನ್ಯಾಕವ್ವ ತಲೆ ಹಾಕ್ದೆ?" ಅಂತ ಕೇಳಿದರು. "ತಿಂಗಳಿಂದ ನನ್ನ ಸಂಸಾರಕ್ಕೆ ತಲೆ ಹಾಕಿದೋರು ಯಾರು ಗೌರಕ್ಕ?" ಅಂದೆ. ತಮ್ಮ ಬಟ್ಟಲು ಇಸಿದುಕೊಂಡು ಹೋದರು. (ಸಾರು ಚೆನ್ನಾಗಿತ್ತು. ಅದನ್ನೂ ಹೇಳಿಯೇ ಕಳಿಸಿದೆ.) ಸವಿತಾಳ ಮನೆಯ ಎರಡೂ ಪಕ್ಕಕ್ಕೆ ಮನೆಗಳಿವೆ, ನಡುವೆ ಒಂದೊಂದೇ ಗೋಡೆ. ಏನೂ ಕೇಳಿಸುತ್ತಿರಲಿಲ್ಲವೇ ಅಂತ ವಿಚಾರಿಸಿದೆ. ಕೇಳಿಸುತ್ತಿತ್ತಂತೆ. ಟಿವಿ ಸೌಂಡ್ ಜಾಸ್ತಿ ಮಾಡಿಕೊಳ್ಳುತ್ತಿದ್ದರಂತೆ. ಯಾರೂ ಹೊಡೆಯದ ನನ್ನ ಕೆನ್ನೆಯ ಬಗ್ಗೆ ಅಷ್ಟು ಮಾತಾಡಿದವರಿಗೆ ಗೋಡೆಯಾಚೆಯ ಏಟಿನ ಬಗ್ಗೆ ಒಂದು ಮಾತೂ ಸಿಗಲಿಲ್ಲವಲ್ಲ, ಹೊಟ್ಟೆ ಉರಿಯುತ್ತದೆ.

ಲೇಸರ್ ಏನಾಯಿತು ಅಂತ ಕೇಳುತ್ತೀರಿ. ಮಾಡಿಸಿಕೊಳ್ಳುತ್ತಿದ್ದೇನೆ. ಬುಧವಾರ ಮೊದಲ ಸಿಟಿಂಗ್. ಯಜಮಾನರ ಮರ್ಯಾದೆಗಲ್ಲ, ಬೀದಿಗೂ ಅಲ್ಲ, ಕನ್ನಡಿ ನೋಡಿಕೊಳ್ಳುವ ನನಗೆ. "ಹೊಸ ಮುಖಕ್ಕೆ ಹೊಸ ಬ್ಲೌಸ್ ನಾನ್ ಹೊಲಿತೀನಿ ಅಕ್ಕ" ಅಂತ ಸವಿತಾ ಫೋನ್ ಮಾಡಿದ್ದಳು.

ಡಾಕ್ಟರು ಇನ್ನೊಂದು ಮಾತು ಹೇಳಿದ್ದಾರೆ. ಲೇಸರ್ ಆದ ಮೇಲೆ ಕೆಲವು ದಿನ ಕೆನ್ನೆ ಊದಿಕೊಂಡು, ಈಗಿರುವುದಕ್ಕಿಂತ ಕೆಂಪಗಿರುತ್ತದಂತೆ, ಗಾಬರಿ ಆಗಬಾರದಂತೆ. ನನಗೆ ಗಾಬರಿ ಇಲ್ಲ. ಬಿಸಿಲಿಗೆ ಕೊಡೆ ಹಿಡಿದು ಬೀದಿಯಲ್ಲೇ ಓಡಾಡುತ್ತೇನೆ, ಮುಖ ಮುಚ್ಚಿಕೊಳ್ಳುವುದಿಲ್ಲ.

ಈ ಸಲವಾದರೂ ನನಗೆ ಬುದ್ಧಿ ಹೇಳುವುದು ಬಿಟ್ಟು, ಒಬ್ಬರಾದರೂ ಹೋಗಿ ನಮ್ಮ ಯಜಮಾನರ ಕಾಲರ್ ಹಿಡಿಯುತ್ತೀರಾ?